ಬೇಸಿಗೆಯಲ್ಲಿ ತೋಟದ ನಾಯಿಯ ಆರೈಕೆ



ಮಾರ್ಚ್–ಏಪ್ರಿಲ್ ಬಂತೆಂದರೆ ನಾವೆಲ್ಲ ತೋಟಕ್ಕೆ ನೀರು ಹಾಯಿಸುವ ಚಿಂತೆಯಲ್ಲಿರುತ್ತೇವೆ. ಎಳೆಯ ಸಸಿಗೆ ಸೋಗೆಯ ನೆರಳು ಕಟ್ಟುತ್ತೇವೆ. ಆದರೆ ರಾತ್ರಿ ಕಾಡುಹಂದಿ ಅಟ್ಟಿ, ಹಗಲು ಅಡಿಕೆ ಅಂಗಳ ಕಾಯುವ ನಾಯಿಯನ್ನು ಬಿಸಿಲಿನಲ್ಲೇ ಕಟ್ಟಿ ಮರೆಯುವುದುಂಟು. ಬಿಸಿಲಿನ ಆಘಾತವಾದರೆ ಗಟ್ಟಿಮುಟ್ಟಾದ ನಾಯಿಯೂ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ನಮ್ಮಂತೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಅಂಗಾಲು ಮಾತ್ರ ಸ್ವಲ್ಪ ಬೆವರುತ್ತದೆ. ನಾಲಗೆ ಚಾಚಿ ತೇಕುವಾಗ ಬಾಯಿಯ ತೇವ ಆವಿಯಾಗಿ ಮೈ ತಣಿಯುತ್ತದೆ. ಕರಾವಳಿಯ ಸೆಕೆಯಲ್ಲಿ, ಮಳೆಗೆ ಮುಂಚಿನ ಧಗೆಯಲ್ಲಿ ಈ ತೇವ ಬೇಗ ಆರುವುದಿಲ್ಲ. ಆದ್ದರಿಂದ ನೆರಳಿದ್ದರೆ ಸಾಲದು, ಗಾಳಿಯೂ ಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ಕ್ಕೆ ಏರಿದರೆ ಪ್ರಾಣಾಪಾಯ.

ನಾವು ಗಮನಿಸಬೇಕಾದ ಅಂಶಗಳು:

1. ಬೆಳಿಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆ. ದಿನವಿಡೀ ನೆರಳಿರುವ ಮರದಡಿ ಕಟ್ಟಬೇಕು. ಗೂಡಿಗೆ ತಗಡಿನ ಮಾಡಿದ್ದರೆ ಮೇಲೆ ದಪ್ಪನಾಗಿ ಸೋಗೆ ಹೊದಿಸಬೇಕು.

2. ಸರಪಳಿಗೆ ಎಟಕುವಂತೆ, ಮಗುಚದ ಮಣ್ಣಿನ ಅಥವಾ ಕಲ್ಲಿನ ಪಾತ್ರೆಯಲ್ಲಿ ನೀರಿಡಬೇಕು. ಬಾಯಾರಿದ ನಾಯಿ ಮೈಲುತುತ್ತದ ಡ್ರಮ್ಮಿಗೂ ಬಾಯಿ ಹಾಕೀತು, ಅದು ವಿಷ. ಔಷಧಿ ಕಲಸಿದ ಪಾತ್ರೆಗಳನ್ನು ಮುಚ್ಚಿಡಬೇಕು.

3. ಸಿಮೆಂಟು ಅಂಗಳದ ಮೇಲೆ ನಮ್ಮ ಅಂಗೈಯನ್ನು 5 ಸೆಕೆಂಡು ಇಡಲಾಗದಿದ್ದರೆ ಅಲ್ಲಿ ನಾಯಿಯ ಪಾದವೂ ಸುಡುತ್ತದೆ.

4. ನಿಲ್ಲಿಸಿದ ಜೀಪಿನಲ್ಲಿ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಸ್ವಲ್ಪ ಹೊತ್ತೂ ಕೂಡಿಹಾಕಬಾರದು.

5. ಮುದಿ ನಾಯಿ, ಬೊಜ್ಜು ಬಂದ ನಾಯಿ, ಪಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಿಗೆ ಅಪಾಯ ಹೆಚ್ಚು.

ವಿಪರೀತ ತೇಕುವುದು, ಅಂಟು ಜೊಲ್ಲು, ಕಡುಕೆಂಪಾದ ಒಸಡು, ವಾಂತಿ, ತೂರಾಡುವುದು – ಇವು ಆಘಾತದ ಲಕ್ಷಣಗಳು. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಬೇಕು. ಒದ್ದೆ ಗೋಣಿ ಹೊದಿಸಿ ಬಿಟ್ಟರೆ ಒಳಗಿನ ಶಾಖ ಹೊರಹೋಗದು. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ನೀರು ಕುಡಿಯಲು ಬಿಡಬಹುದು. ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿದೀತು. ಮೊದಲು ತಣಿಸುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು.

ನಾಯಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡಕ್ಕಾದ ಹಾನಿ ಒಂದೆರಡು ದಿನ ಬಿಟ್ಟು ಕಾಣಿಸಬಹುದು. ಹತ್ತಿರದ ಪಶುವೈದ್ಯರ ಫೋನ್ ನಂಬರನ್ನು ಕೆಲಸದವರಿಗೂ ಕಾಣುವಂತೆ ಗೋಡೆಯ ಮೇಲೆ ಇಂದೇ ಬರೆದಿಡೋಣ.