ಲಸಿಕೆ, ಹಠಾತ್ ಸಾವು ಮತ್ತು ನೆರೆಮನೆಯವರು

2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ತಪಾಸಣೆಗೆಂದು ಮುಗಿಬಿದ್ದರು. ಕೋವಿಡ್ ಲಸಿಕೆಯ ಮೇಲೆ ಗುಮಾನಿಯೂ ಎದ್ದಿತು. ಸತ್ತವರು ಲಸಿಕೆ ಪಡೆದಿದ್ದರು ಎಂಬುದಷ್ಟೇ ಪುರಾವೆಯಾಗದು. ಬದುಕಿರುವವರಲ್ಲೂ ಹೆಚ್ಚಿನವರು ಪಡೆದವರೇ. ಕೇಳಬೇಕಾದದ್ದು, ಹೋಲಿಕೆ ಯಾರೊಂದಿಗೆ ಎಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನ, 18ರಿಂದ 45 ವಯಸ್ಸಿನೊಳಗೆ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡ 729 ಮಂದಿಯನ್ನು ಅದೇ ವಯೋಮಾನದ, ಅದೇ ಲಿಂಗದ, ಅದೇ ನೆರೆಹೊರೆಯ 2916 ಮಂದಿಯೊಂದಿಗೆ ಹೋಲಿಸಿತು. ನೆರೆಹೊರೆಯನ್ನೂ ಸೇರಿಸಿದ್ದು ಜಾಣತನ: ಒಂದೇ ಬೀದಿಯವರ ಆದಾಯ, ಆಸ್ಪತ್ರೆಯ ದೂರ ಹೆಚ್ಚುಕಡಿಮೆ ಒಂದೇ. ಕುಡಿತ, ಕುಟುಂಬದ ಇತಿಹಾಸದಂಥ ಉಳಿದ ವ್ಯತ್ಯಾಸಗಳನ್ನು ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರೀಯ ಲೆಕ್ಕ ಸರಿದೂಗಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚು ಕಂಡದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದವರಲ್ಲಿ.

ಗಟ್ಟಿಮುಟ್ಟಾದವರೇ ಮುಂದೆ ಬಂದು ಲಸಿಕೆ ಹಾಕಿಸಿಕೊಂಡಿದ್ದರೆ? ನ್ಯಾಯವಾದ ಆಕ್ಷೇಪ. ಅಳೆಯದ ವ್ಯತ್ಯಾಸವನ್ನು ಯಾವ ಲೆಕ್ಕವೂ ಅಳಿಸದು. ಹಾಗಾಗಿ ಲಸಿಕೆ ಹಠಾತ್ ಸಾವನ್ನೇ ತಡೆಯುತ್ತದೆ ಎಂಬ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಆದರೆ ದೊಡ್ಡ ಹಾನಿಯೊಂದನ್ನು ಇಷ್ಟು ಪೂರ್ತಿಯಾಗಿ ಮರೆಮಾಚಲು ಆ ಕಾಣದ ವ್ಯತ್ಯಾಸವೂ ಅಷ್ಟೇ ದೊಡ್ಡದಿರಬೇಕು, ಅದೂ ಒಂದೇ ಬೀದಿಯ ಸಮವಯಸ್ಕರ ನಡುವೆ.