ಕಾನೂನು ವಿದ್ಯೆಯ ಹೆಬ್ಬಾಗಿಲು

ಸಕಲೇಶಪುರ ಸೀಮೆಯ ಹೆಗ್ಗದ್ದೆಯ ಹುಡುಗನು ವಕೀಲನಾಗಬೇಕೆಂದರೆ ಪದವಿಗೆ ಮೂರು ವರ್ಷ, ಅನಂತರ ಕಾನೂನಿಗೆ ಮೂರು ವರ್ಷ, ಒಟ್ಟು ಆರು ವರ್ಷ ಪರಸ್ಥಳದಲ್ಲಿ ಓದಬೇಕು. ಎರಡನ್ನೂ ಕೂಡಿಸಿದ ಐದು ವರ್ಷದ ವ್ಯಾಸಂಗದಿಂದ ಒಂದು ವರ್ಷ ಉಳಿಯುವುದು. ತೋಟದ ಕೂಲಿಯಿಂದ ಮಕ್ಕಳನ್ನು ಓದಿಸುವ ಮನೆಗೆ ಒಂದು ವರ್ಷದ ಖರ್ಚು ಅಲ್ಪವಲ್ಲ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1988ರಲ್ಲಿ ಈ ಕ್ರಮದಿಂದ ಪಾಠವನ್ನಾರಂಭಿಸಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಇದು ನಾಡಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಅದರ ಬಾಗಿಲನ್ನು ಕಾಯುವ ಕ್ಲಾಟ್ ಪರೀಕ್ಷೆಯು ಇಂಗ್ಲಿಷಿನಲ್ಲಿಯೇ ನಡೆಯುತ್ತಿರುವುದು. ಕರ್ನಾಟಕದ ವಿದ್ಯಾರ್ಥಿಗಳಿಗೆ ಅಲ್ಲಿ ಶೇಕಡಾ 25 ಸ್ಥಾನಗಳು ಮೀಸಲಿದ್ದರೇನು? ಕನ್ನಡದಲ್ಲಿ ಓದಿದ ಮಲೆನಾಡಿನ ಮಕ್ಕಳಿಗೆ ಅವು ಕನ್ನಡಿಯೊಳಗಿನ ಗಂಟು!

2024ರ ಜುಲೈ 1ರಿಂದ 1860ರ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಿದೆ. ಆಲೂರಿನ ಕೋರ್ಟಿನ ಕಟಕಟೆಯಲ್ಲಿ ನಿಂತ ಬಡವನಿಗೆ ಈ ಹೊಸ ಶಾಸನವನ್ನು ಅವನ ನುಡಿಯಲ್ಲಿಯೇ ತಿಳಿಯಹೇಳಬಲ್ಲ ವಕೀಲರು ಬೇಕಲ್ಲವೆ? ಅಂತಹವರು ಹಳ್ಳಿಗಳಿಂದಲೇ ಬರತಕ್ಕವರು. ಆದುದರಿಂದ ಪ್ರವೇಶಪರೀಕ್ಷೆಯನ್ನು ಕನ್ನಡದಲ್ಲಿಯೂ ನಡೆಯಿಸತಕ್ಕದ್ದೆಂದು ನಾವು ಸಂಬಂಧಪಟ್ಟವರನ್ನು ಒತ್ತಾಯಪಡಿಸುತ್ತೇವೆ. ಇಂಗ್ಲಿಷನ್ನು ಒಳಗೆ ಬಂದಮೇಲೆ ಕಲಿಸಬಹುದು. ಹೊರಗೇ ಉಳಿದವನಿಗೆ ಏನನ್ನೂ ಕಲಿಸುವಂತಿಲ್ಲ.