ಹೋಟೆಲ್ ಅಂಗಳದ ಹಾಡು, ಹಿಂದಿನ ಮನೆಯ ನಿದ್ದೆ

ಮಳೆಗಾಲ ಮುಗಿಯುತ್ತಿದ್ದಂತೆ ಗೋವಾದ ಕಡಲತೀರಗಳಲ್ಲಿ ಶ್ಯಾಕ್‌ಗಳು ಮತ್ತೆ ತಲೆ ಎತ್ತುತ್ತವೆ. ಮರಳಿನ ಮೇಲೆ ಮೇಜು ಹಾಕಿ, ತೆಂಗಿನ ಮರಕ್ಕೆ ಸ್ಪೀಕರ್ ಕಟ್ಟುತ್ತಾರೆ. ಹಾಡು ಕೇಳಿ ಗಿರಾಕಿ ಬರುತ್ತಾನೆ, ಕುಳಿತು ಇನ್ನೊಂದು ಪ್ಲೇಟು ಹೇಳುತ್ತಾನೆ. ಅದೇ ಹಾಡು ಹಿಂದಿನ ಓಣಿಯ ಮನೆಗಳಿಗೂ ಹೋಗುತ್ತದೆ. ಈ ಜಗಳದಲ್ಲಿ ಎರಡೂ ಕಡೆ ನಮ್ಮವರಿದ್ದಾರೆ ಎಂಬುದನ್ನು ಮರೆಯಬಾರದು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಕನ್ನಡದ ಹುಡುಗರ ಸಂಬಳ ಆ ಗಿರಾಕಿಯಿಂದಲೇ ಬರಬೇಕು. ಹಿಂದಿನ ಬಾಡಿಗೆ ಕೋಣೆಯಲ್ಲಿ ಮಲಗಿ ಬೆಳಗಿನ ಜಾವ ಕೂಲಿಗೆ ಹೊರಡುವವರಲ್ಲೂ ಕನ್ನಡದವರಿದ್ದಾರೆ.

ಅಂಜುನ, ವಾಗಾತೋರ್ ಕಡೆಯ ರಾತ್ರಿ ಸಂಗೀತದ ತಕರಾರು ಮುಂಬೈ ಹೈಕೋರ್ಟಿನ ಗೋವಾ ಪೀಠದವರೆಗೆ ಹಲವು ಬಾರಿ ಹೋಗಿದೆ. ಆದರೆ ನಿಯಮ ಗೋವಾಕ್ಕೊಂದು, ಕಾಸರಗೋಡಿಗೊಂದು, ಸೊಲ್ಲಾಪುರಕ್ಕೊಂದು ಇಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ. ಹೆದ್ದಾರಿ ಬದಿಯ ಢಾಬಾ, ಹೊಸೂರಿನ ಮಹಡಿ ಮೇಲಿನ ಹೋಟೆಲು, ಎಲ್ಲಕ್ಕೂ ಅದೇ.

ಆ ನಿಯಮದಲ್ಲಿ ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ವ್ಯಾಪಾರ ಪ್ರದೇಶಕ್ಕೆ 65 ಮತ್ತು 55. ಖಾಸಗಿ ಜಾಗದ ಸ್ಪೀಕರಿನಿಂದ ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಏರಬಾರದು. ಅಂದರೆ ಮನೆಗಳ ನಡುವಿನ ಹೋಟೆಲಿನ ಕಾಂಪೌಂಡಿನ ಬಳಿ ಹಗಲಿಗೆ 60. ಎದುರಿಗೆ ನಿಂತು ಮಾತಾಡುವಷ್ಟು ಸದ್ದು. ಧ್ವನಿವರ್ಧಕಕ್ಕೆ ಲಿಖಿತ ಪರವಾನಿಗೆ ಬೇಕು. ಆ ಕಾಗದ ಕೈಯಲ್ಲಿದ್ದರೂ ಮಿತಿ ಸಡಿಲವಾಗುವುದಿಲ್ಲ. ಎಷ್ಟೋ ಮಾಲೀಕರು ಎಡವುವುದು ಇಲ್ಲಿಯೇ.

ರಾತ್ರಿ 10ರ ನಂತರದ ಮಾತೇ ಬೇರೆ. ಆಗ ಸದ್ದು ಎಷ್ಟು ಎಂಬ ಪ್ರಶ್ನೆಯೇ ಏಳುವುದಿಲ್ಲ, ಬಯಲಿನಲ್ಲಿ ಸ್ಪೀಕರ್ ಹಾಕುವುದೇ ತಪ್ಪು. ವಾದ್ಯಕ್ಕೂ ಅದೇ ನಿಯಮ. ಮುಚ್ಚಿದ ಸಭಾಂಗಣದಂಥ ಜಾಗಕ್ಕೆ ಮಾತ್ರ ವಿನಾಯಿತಿ. ತಗಡಿನ ಮಾಡು ಇದ್ದು ನಾಲ್ಕೂ ಕಡೆ ಬಯಲಾಗಿದ್ದರೆ ಅದನ್ನು ಮುಚ್ಚಿದ ಜಾಗ ಎನ್ನಲಾಗದು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾಜ್ಯ ಸರಕಾರ 12 ಗಂಟೆಯವರೆಗೆ ಅವಕಾಶ ಕೊಡಬಹುದು. ಆ ದಿನಗಳು ಯಾವುವು ಎಂದು ಮೊದಲೇ ಪ್ರಕಟಿಸಬೇಕು.

ಇಷ್ಟಾದರೂ "ಮೀಟರಿನಲ್ಲಿ ಸರಿಯಾಗಿಯೇ ಇದೆ" ಎಂದು ಹೋಟೆಲಿನವರು, "ನಿದ್ದೆಯೇ ಇಲ್ಲ" ಎಂದು ಮನೆಯವರು ಹೇಳುವುದುಂಟು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗೋಡೆ ದಾಟಿ ಬರುವುದು ಹಾಡಿನ ಮಾತಲ್ಲ, ಬೇಸ್ ಎಂಬ ಡಬ್ ಡಬ್ ಪೆಟ್ಟು. ಗೋಡೆ, ಕಿಟಕಿ ಮೇಲು ಸ್ವರವನ್ನು ತಡೆದಷ್ಟು ತಗ್ಗು ಸ್ವರವನ್ನು ತಡೆಯಲಾರವು. ನಿಯಮದಲ್ಲಿ ಬಳಸುವ ಅಳತೆಯೋ ತಗ್ಗು ಸ್ವರಕ್ಕೆ ಕಡಿಮೆ ಲೆಕ್ಕ ಕೊಡುತ್ತದೆ. ಜೊತೆಗೆ ಗಾಳಿಯ ಪಾಲೂ ಇದೆ. ಬಿಸಿಲಿಗೆ ನೆಲ ಕಾದಾಗ ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ನೆಲ ತಣ್ಣಗಾದ ಮೇಲೆ ಕೆಳಕ್ಕೆ ಬಾಗಿ ದೂರದ ಮನೆಗೂ ಮುಟ್ಟುತ್ತದೆ. ಸಂಜೆ ಸರಿಯಿದ್ದ ಗುಂಡಿ ಒಂಬತ್ತೂವರೆಗೆ ಸರಿಯಿರದಿರಲು ಇದೂ ಒಂದು ಕಾರಣ.

ಪರಿಹಾರ ಹಾಡು ನಿಲ್ಲಿಸುವುದೊಂದೇ ಅಲ್ಲ. ಒಂದೇ ದೊಡ್ಡ ಸ್ಪೀಕರನ್ನು ಮೂಲೆಯಲ್ಲಿಟ್ಟು 16 ಮೀಟರ್ ಆಚೆಯ ಮೇಜಿಗೆ 70 ಡೆಸಿಬಲ್ ಮುಟ್ಟಿಸಿದರೆ, 32 ಮೀಟರ್ ದೂರದ ಮನೆಗೆ 64 ಮುಟ್ಟುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಇಳಿಯುವುದು ಸುಮಾರು 6 ಮಾತ್ರ. ಅದರ ಬದಲು ಮೇಜಿನಿಂದ 2 ಮೀಟರ್ ದೂರಕ್ಕೊಂದರಂತೆ ಎಂಟು ಚಿಕ್ಕ ಸ್ಪೀಕರ್ ಕಟ್ಟಿದರೆ ಗಿರಾಕಿಗೆ ಅದೇ 70, ಆದರೆ 32 ಮೀಟರ್ ಆಚೆಗೆ ಎಂಟೂ ಕೂಡಿ ಸುಮಾರು 55. ಕಿವಿಗೆ ಇದು ಹೆಚ್ಚುಕಡಿಮೆ ಅರ್ಧ. ಸ್ಪೀಕರಿನ ಮುಖ ಮನೆಗಳ ಕಡೆಗಿರಬಾರದು. ಬೇಸ್ ಪೆಟ್ಟಿಗೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ದಪ್ಪ ರಬ್ಬರ್ ಮೇಲಿಡಬೇಕು. ತೆಗೆದೇಬಿಟ್ಟರೆ ಇನ್ನೂ ಒಳ್ಳೆಯದು. ಊಟಕ್ಕೆ ಬಂದವರಾರೂ ಅದನ್ನು ಕೇಳುವುದಿಲ್ಲ. ಕುಡಿದ ಗಿರಾಕಿ ಗುಂಡಿ ತಿರುಗಿಸದಂತೆ ಲಿಮಿಟರ್ ಕೂಡಿಸಿ ಬೀಗ ಹಾಕಬಹುದು.

ಕಾರವಾರಕ್ಕೆ ತಾಗಿದ ಕಾಣಕೋಣ ತಾಲೂಕಿನ ಪಾಲೊಲೆಂನಲ್ಲಿ ಇನ್ನೊಂದು ದಾರಿ ಕಂಡುಕೊಂಡರು. ಕುಣಿಯಲು ಬಂದವರ ಕಿವಿಗೆಲ್ಲ ಹೆಡ್‌ಫೋನ್ ಕೊಟ್ಟು ರಾತ್ರಿ ಕೂಟ ನಡೆಸಿದರು. ಹೊರಗೆ ನಿಂತು ನೋಡಿದರೆ ಸದ್ದಿಲ್ಲದೆ ಕುಣಿಯುವ ಜನ! ನಗು ಬರುವ ನೋಟವಾದರೂ ಪಕ್ಕದವರ ನಿದ್ದೆಗೆ ತೊಂದರೆಯಿಲ್ಲ.

ಮಾತಿಗೆ ಬಗ್ಗದಿದ್ದರೆ ದೂರು ಕೊಡಬಹುದು. ಆ ಹೊತ್ತಿಗೆ 112, ಬಳಿಕ ಠಾಣೆಗೆ ಲಿಖಿತ ಅರ್ಜಿ, ಜಿಲ್ಲಾಧಿಕಾರಿ ಕಚೇರಿಗೆ ಒಂದು ಪ್ರತಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ತಾರೀಖು, ಹಾಡು ಶುರುವಾದ ಗಂಟೆ, ನಿಂತ ಗಂಟೆ ಬರೆದಿಡಿ. ಗಡಿಯೂರುಗಳಲ್ಲಿ ಅರ್ಜಿ ಆ ರಾಜ್ಯದ ಭಾಷೆಯಲ್ಲಿದ್ದರೆ ಕೆಲಸ ಬೇಗ. ಮೊಬೈಲಿನ ಡೆಸಿಬಲ್ ಆ್ಯಪ್ ಅನ್ನು ಪಕ್ಕಾ ಸಾಕ್ಷ್ಯವೆಂದು ನಂಬಬೇಡಿ, ಆದರೆ 10ರ ನಂತರದ ದೂರಿಗೆ ಅಳತೆ ಬೇಕಾಗಿಯೂ ಇಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ 2024ರ ಏಪ್ರಿಲ್‌ನಿಂದ ದಂಡ 10 ಸಾವಿರದಿಂದ 15 ಲಕ್ಷ ರೂಪಾಯಿಯವರೆಗೆ ಇದೆ.

ಅದಕ್ಕೂ ಮೊದಲು ಒಂದು ಸಂಜೆ ಮಾಲೀಕರನ್ನು ಮನೆಗೆ ಕರೆಯಿರಿ. ಹೋಟೆಲಿನಲ್ಲಿ ಹಾಡು ಎಂದಿನಂತೆ ನಡೆಯುತ್ತಿರಲಿ. ಮಗು ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ಅವರನ್ನು ಐದು ನಿಮಿಷ ಕೂರಿಸಿ. ಗುಂಡಿ ಎಲ್ಲಿಗೆ ನಿಲ್ಲಬೇಕೆಂದು ಅಲ್ಲಿಂದಲೇ ಫೋನಿನಲ್ಲಿ ಹೇಳಿ ಗುರುತು ಹಾಕಿಸಬಹುದು.